ಬಿಚ್ಚುವ ಮೊದಲು ಕೇಳಿ: ಹಳೆ ಟ್ರ್ಯಾಕ್ಟರನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ಹೊಲಕ್ಕಿಳಿಸುವುದು ಹೇಗೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇಂಥ ಟ್ರ್ಯಾಕ್ಟರ್ ಒಂದಾದರೂ ಸಿಗುತ್ತದೆ. ಬೇವಿನ ಮರದ ಕೆಳಗೆ, ಮುಂದಿನ ಟಯರ್ ಗಾಳಿ ಇಳಿದು, ಬಾನೆಟ್ ಮೇಲೆ ಜೋಳದ ಚೀಲ ಹೊದ್ದು ನಿಂತಿರುತ್ತದೆ. ನಮ್ಮ ಕಾಕಾನ ಮ್ಯಾಸಿ 1035 ಹೀಗೇ ಆರು ವರ್ಷ ನಿಂತಿತ್ತು. ಕಾಕಾ ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕೀ ಹಾಕಿರಲಿಲ್ಲ. ಗುಜರಿಯವನು ಎರಡು ಸಲ ಬಂದು ಕಿಲೋ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದ. ಮರಾಠಿಯಲ್ಲಿ ಗುಜರಿಗೆ ಭಂಗಾರ ಅನ್ನುತ್ತಾರೆ. ನಮ್ಮ ಕನ್ನಡದ ಕಿವಿಗೆ ಅದು ಬಂಗಾರ ಅಂತಲೇ ಕೇಳಿಸುತ್ತದೆ. ಕಾಕಾನ ಗಾಡಿ ನನಗೆ ಎರಡನೆಯದೇ ಆಗಿತ್ತು, ಹಾಗಾಗಿ ಕೊಡಲಿಲ್ಲ.

ನನ್ನ ಹತ್ತಿರ ಇದ್ದದ್ದು 80,000 ರೂಪಾಯಿ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಎಂಜಿನ್ ಹೋಗಿದೆ, ಪಿಸ್ಟನ್ ಸೆಟ್, ಕ್ರ್ಯಾಂಕ್ ಎಲ್ಲಾ ಮಾಡಿಸಬೇಕು. ನಾನೂ ಒಪ್ಪಿಕೊಂಡು ಬಿಚ್ಚಲು ಕೂತಿದ್ದೆ. ಆಗ ನಮ್ಮೂರ ಹಳೇ ಮಿಸ್ತ್ರಿ ಕಾಕಾ ಬಂದು ಹೇಳಿದರು: "ತಮ್ಮಾ, ಪಾನಾ (ಸ್ಪ್ಯಾನರ್) ಕೆಳಗಿಡು. ಮೊದ್ಲ ಇದು ಏನ್ ಹೇಳತೈತಿ ಕೇಳೂಣು." ಆ ಒಂದು ಮಾತಿನಿಂದ ನನ್ನ ಅರ್ಧ ದುಡ್ಡು ಉಳಿಯಿತು. ಈ ಬರಹದಲ್ಲಿ ಇರುವುದೂ ಹೆಚ್ಚಾಗಿ ಅದೇ: ಯಾವುದನ್ನು, ಯಾವ ಕ್ರಮದಲ್ಲಿ, ಬಿಚ್ಚದೆ ಹೇಗೆ ತಿಳಿದುಕೊಳ್ಳುವುದು.

ಮೊದಲು ಕಾಗದ

ಗಾಡಿಗೆ ಒಂದು ರೂಪಾಯಿ ಹಾಕುವ ಮೊದಲು ಆರ್‌ಸಿ ಪುಸ್ತಕ ತೆಗೆದು ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಗಾಡಿಯ ಮೇಲೆ ಇರುವುದಕ್ಕೆ ಸರಿಹೊಂದಬೇಕು. ಹಳೆ ಗಾಡಿಗಳಲ್ಲಿ ಎಂಜಿನ್ ಬ್ಲಾಕ್ ಬದಲಾಗಿರುತ್ತದೆ, ಪುಸ್ತಕದಲ್ಲಿ ಬದಲಾಗಿರುವುದಿಲ್ಲ. ಇದು ಆಮೇಲೆ ದೊಡ್ಡ ತಲೆನೋವು.

ಕೃಷಿ ಟ್ರ್ಯಾಕ್ಟರ್‌ನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರ್ಮ್ 25ರಲ್ಲಿ ಅರ್ಜಿ ಕೊಟ್ಟು, ಗಾಡಿ ತೋರಿಸಿ, 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರಿಗೆ ಫಾರ್ಮ್ 31. ಹಳೇ ಬ್ಯಾಂಕ್ ಸಾಲ ಪುಸ್ತಕದಲ್ಲಿ ಹಾಗೇ ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಫಾರ್ಮ್ 35 ಬೇಕು. ನಮ್ಮಂಥ ಗಡಿಯವರಿಗೆ ಇನ್ನೊಂದು ಮಾತು. ವಿಜಯಪುರದ ಕಡೆ ಟ್ರ್ಯಾಕ್ಟರ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಅದರ ನಂಬರ್ ಕೆಎ-28 ಆಗಿರುತ್ತದೆ. ಅಲ್ಲಿಂದ ಫಾರ್ಮ್ 28ರ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರದಿದ್ದರೆ ಸಾಂಗ್ಲಿಯ ಎಂಎಚ್-10 ನಂಬರ್ ಸಿಗುವುದಿಲ್ಲ. ದುಡ್ಡು ಕೊಡುವ ಮೊದಲೇ ಇದನ್ನು ಕೇಳಿ.

ತೊಳೆಯಿರಿ, ನೋಡಿ, ಬರೆಯಿರಿ

ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ, ತಂತಿ ಬ್ರಷ್ ಹಿಡಿದು, ಎಣ್ಣೆ ಮಣ್ಣು ಸೇರಿ ಗಟ್ಟಿಯಾದ ಪೊರೆಯನ್ನೆಲ್ಲ ಕೆರೆದು ತೆಗೆಯಿರಿ. ಒಂದು ದಿನದ ಕೆಲಸ. ಚಂದ ಕಾಣಲಿ ಅಂತ ಅಲ್ಲ. ಕೊಳೆ ಇದ್ದರೆ ಎಣ್ಣೆ ಎಲ್ಲಿಂದ ಸೋರುತ್ತಿದೆ, ಎರಕದ ಕಬ್ಬಿಣ ಎಲ್ಲಿ ಸೀಳಿದೆ ಅನ್ನುವುದು ಕಾಣುವುದೇ ಇಲ್ಲ. ಡೀಸೆಲ್ ಪಂಪ್, ಸ್ಟಾರ್ಟರ್, ಡೈನಮೊ ಮೇಲೆ ಮಾತ್ರ ನೀರು ಬಿಡಬೇಡಿ. ಪ್ಲಾಸ್ಟಿಕ್ ಚೀಲ ಕಟ್ಟಿ.

ಆಮೇಲೆ ಡಿಪ್‌ಸ್ಟಿಕ್ (ಎಂಜಿನ್ ಎಣ್ಣೆಯ ಮಟ್ಟ ನೋಡುವ ಕಡ್ಡಿ) ಎಳೆಯಿರಿ. ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ, ಪಂಪ್ ಒಳಗಿನಿಂದ ಡೀಸೆಲ್ ಎಂಜಿನ್ ಕೆಳಗಿನ ಎಣ್ಣೆ ಚೇಂಬರಿಗೆ ಇಳಿಯುತ್ತಿದೆ. ಇಂಥ ಎಣ್ಣೆಯಲ್ಲಿ ಎಂಜಿನ್ ಚಾಲೂ ಮಾಡಿದರೆ ಬೇರಿಂಗ್ ತಿನ್ನುತ್ತದೆ. ಗೇರ್ ಬಾಕ್ಸ್ ಕೆಳಗಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ. ಮೊದಲು ನೀರು ಬರುತ್ತದೋ ಎಣ್ಣೆಯೋ ನೋಡಿ. ಮಳೆಯಲ್ಲಿ ನಿಂತ ಗಾಡಿಯಲ್ಲಿ ಗೇರ್ ಲಿವರ್‌ನ ಹರಿದ ರಬ್ಬರ್ ಮೂಲಕ ನೀರು ಇಳಿದಿರುತ್ತದೆ.

ಒಂದು ವಹಿ ಇಟ್ಟುಕೊಂಡು ಸಿಕ್ಕಿದ್ದನ್ನೆಲ್ಲ ಮೂರು ಪಟ್ಟಿಯಾಗಿ ಬರೆಯಿರಿ: ಜೀವಕ್ಕೆ ಅಪಾಯ ಮಾಡುವುದು, ಎಂಜಿನ್ ಹಾಳು ಮಾಡುವುದು, ಆಮೇಲೆ ನೋಡಬಹುದಾದದ್ದು. ಬ್ರೇಕ್, ಸ್ಟೇರಿಂಗ್ ಮೊದಲ ಪಟ್ಟಿಗೆ. ಬಣ್ಣ, ಸೀಟು, ಬಾನೆಟ್ ಕೊನೆಯದಕ್ಕೆ. ಕೈಯಲ್ಲಿರುವ ದುಡ್ಡಿನ ನಾಲ್ಕನೇ ಒಂದು ಭಾಗ ಯಾವ ಪಟ್ಟಿಗೂ ಹಂಚದೆ ಇಡಿ. ಬಿಚ್ಚಿದ ಮೇಲೆ ಕಾಣಿಸುವ ಖರ್ಚಿಗೆ ಅದು ಬೇಕೇ ಬೇಕು. ನಾನು 20,000 ಎತ್ತಿಟ್ಟಿದ್ದೆ.

ಎಂಜಿನ್ ತಿರುಗುತ್ತದೆಯೇ?

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ನೇರವಾಗಿ ಸ್ಟಾರ್ಟರ್ ಕೊಡಬೇಡಿ. ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸುವುದಂತೂ ಬೇಡವೇ ಬೇಡ. ಪಿಸ್ಟನ್ ಸುತ್ತಲಿನ ರಿಂಗ್ ಸಿಲಿಂಡರ್‌ಗೆ ತುಕ್ಕು ಹಿಡಿದು ಅಂಟಿದ್ದರೆ ರಿಂಗ್ ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬರೀ ಎರಡು ಲೀಟರ್ ಎಣ್ಣೆಯಲ್ಲಿ ಸಡಿಲಾಗುವ ಎಂಜಿನ್ ಹೀಗೆ ಎಳೆದಾಗ ಸತ್ತೇ ಹೋಗುತ್ತದೆ.

ಸಿಲಿಂಡರ್ ಒಳಗೆ ಡೀಸೆಲ್ ಸಿಡಿಸುವ ಇಂಜೆಕ್ಟರ್‌ಗಳನ್ನು ಬಿಚ್ಚಿ. ಪ್ರತಿ ತೂತಿಗೂ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಸ್ವಲ್ಪ ಸ್ವಲ್ಪ ಹಾಕಿ, ತೂತಿಗೆ ಬಟ್ಟೆ ಮುಚ್ಚಿ, ಎರಡು ಮೂರು ದಿನ ಬಿಡಿ. ಗೇರ್ ನ್ಯೂಟ್ರಲ್‌ನಲ್ಲಿ ಇಟ್ಟು ಕ್ರ್ಯಾಂಕ್ ಪುಲ್ಲಿಯ ದೊಡ್ಡ ನಟ್ಟಿಗೆ ಪಾನಾ ಹಾಕಿ ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಒಂದು ಕೂದಲೆಳೆಯಷ್ಟು ಸರಿದರೂ ಸಾಕು. ಮತ್ತೆ ಎಣ್ಣೆ, ಮತ್ತೆ ಒಂದು ರಾತ್ರಿ. ನಮ್ಮದು ನಾಲ್ಕನೇ ದಿನ ಬೆಳಿಗ್ಗೆ ಸರ್ರಂತ ತಿರುಗಿತು. ಪೂರ್ತಿ ಎರಡು ಸುತ್ತು ತಿರುಗಿಸಿದ ಮೇಲೆ, ಇಂಜೆಕ್ಟರ್ ಹಾಕದೆಯೇ ಸ್ಟಾರ್ಟರ್ ಕೊಟ್ಟು ಒಳಗಿನ ಎಣ್ಣೆಯನ್ನೆಲ್ಲ ಹೊರಗೆ ಉಗುಳಿಸಿ. ತೂತಿನ ಎದುರು ಯಾರೂ ನಿಲ್ಲಬಾರದು. ಎಣ್ಣೆ ಒಳಗೇ ಉಳಿದು ಇಂಜೆಕ್ಟರ್ ಹಾಕಿ ಚಾಲೂ ಮಾಡಿದರೆ, ಅದು ಕುಗ್ಗುವುದಿಲ್ಲವಾದ್ದರಿಂದ ರಾಡ್ ಬಗ್ಗುತ್ತದೆ. ಇದೆಲ್ಲ ಆದಮೇಲೆ ಹೊಸ ಫಿಲ್ಟರ್, ಹೊಸ ಎಂಜಿನ್ ಆಯಿಲ್ ಹಾಕಿ.

ಡೀಸೆಲ್ ದಾರಿ

"ಎಂಜಿನ್ ಹೋಗಿದೆ" ಅನ್ನಿಸಿಕೊಂಡ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಹೋಗಿರುವುದು ಡೀಸೆಲ್ ಬರುವ ದಾರಿ. ಟ್ಯಾಂಕ್ ಕೆಳಗಿಳಿಸಿ, ಒಳಗೆ ಒಂದು ಹಿಡಿ ನಟ್ಟು ಬೋಲ್ಟು ಮತ್ತು ಸ್ವಲ್ಪ ಡೀಸೆಲ್ ಹಾಕಿ ಕುಲುಕಿ. ತುಕ್ಕೆಲ್ಲ ಉದುರುತ್ತದೆ. ಪೈಪಿನ ಎರಡು ತುದಿಯಲ್ಲಿರುವ ತಾಮ್ರದ ವಾಷರ್‌ಗಳನ್ನು ಹೊಸದಾಗಿ ಹಾಕಿ. ಅವು ಚಿಲ್ಲರೆ ದುಡ್ಡಿಗೆ ಸಿಗುತ್ತವೆ, ಆದರೆ ಹಳೆಯದೇ ಉಳಿಸಿದರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಡೀಸೆಲ್ ಹೊರಗೆ ಸೋರದ ಕಡೆಯಿಂದಲೂ ಗಾಳಿ ಒಳಗೆ ಹೋಗಬಹುದು, ಅದಕ್ಕೇ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಾಳಿ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಫಿಲ್ಟರ್ ಮೇಲಿನ ಗಾಳಿ ಬೋಲ್ಟ್ ಸಡಿಲಿಸಿ, ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋಗಿ. ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿ ಮಾಡಿ. ಆಮೇಲೆ ಪಂಪಿನ ಬೋಲ್ಟ್. ಕೊನೆಗೆ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಕೊಟ್ಟು, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಲಿವರ್ ಒತ್ತಿದರೂ ಏನೂ ಆಗದಿದ್ದರೆ ಎಂಜಿನ್ ಒಂದು ಸುತ್ತು ತಿರುಗಿಸಿ, ಮತ್ತೆ ಒತ್ತಿ. ಒಳಗಿನ ಕ್ಯಾಮ್ ಲಿವರನ್ನು ಹಿಡಿದುಕೊಂಡಿರುತ್ತದೆ, ಅಷ್ಟೇ.

ಇಂಜೆಕ್ಟರ್‌ಗಳನ್ನು ಪಂಪ್ ರಿಪೇರಿ ಅಂಗಡಿಗೆ ಕೊಟ್ಟು ಒತ್ತಡ ಮತ್ತು ಸಿಡಿಯುವ ರೀತಿ ನೋಡಿಸಿ. ನಾವು ಮಿರಜಿಗೆ ಒಯ್ದೆವು. ಮೂರರಲ್ಲಿ ಒಂದು ಹನಿ ಹನಿಯಾಗಿ ಸೋರುತ್ತಿತ್ತು, ಅದರ ನಾಝಲ್ ಮಾತ್ರ ಬದಲಾಯಿತು. ಪಂಪನ್ನು ನೀವೇ ಬಿಚ್ಚಬೇಡಿ. ಅದರ ಒಳಗಿನ ಭಾಗಗಳ ಅಳತೆ ಬಹಳ ಸೂಕ್ಷ್ಮ, ಮನೆಯ ಧೂಳಿಗೆ ತೆರೆಯುವಂಥದ್ದಲ್ಲ. ಇನ್ನೊಂದು ಮಾತನ್ನು ಮರೆಯಲೇಬೇಡಿ: ಇಂಜೆಕ್ಟರ್ ಸಿಡಿಯುವಾಗ ಎದುರಿಗೆ ಕೈ ಹಿಡಿಯಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ಬೆರಳೇ ಹೋಗಬಹುದು.

ಹೊಗೆ ಮತ್ತು ಸದ್ದು ಹೇಳುವುದು

ಚಾಲೂ ಆದ ಮೇಲೆ ಹೊಗೆ ನೋಡಿ. ಕಪ್ಪು ಹೊಗೆ ಅಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಜಾಸ್ತಿ. ನೀಲಿ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಕಣ್ಣು ಉರಿಸಿದರೆ ಸುಡದ ಡೀಸೆಲ್, ಉರಿಸದೆ ಹಬೆಯ ಹಾಗಿದ್ದರೆ ನೀರು. ಎಣ್ಣೆ ಹಾಕುವ ಮುಚ್ಚಳ ತೆಗೆದಾಗ ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ರಿಂಗ್ ಸವೆದಿದೆ.

ನಮ್ಮದು ಚಾಲೂ ಆಯಿತು. ಆದರೆ ಕುಂಟುತ್ತಿತ್ತು, ಬಿಳಿ ಹೊಗೆ, ಬಲವೇ ಇಲ್ಲ. ಕಂಪ್ರೆಷನ್ ಮೀಟರ್ ಹಾಕಿದಾಗ ಎರಡು ಸಿಲಿಂಡರ್ ಹತ್ತಿರ ಹತ್ತಿರ ತೋರಿಸಿದವು, ಮೂರನೆಯದು ತೀರಾ ಕೆಳಗೆ. ಇಲ್ಲೇ ಎಲ್ಲರೂ "ಪಿಸ್ಟನ್ ಸೆಟ್" ಅಂದದ್ದು. ಮಿಸ್ತ್ರಿ ಕಾಕಾ ಮಾತ್ರ ಪಂಕ್ಚರ್ ಅಂಗಡಿಯ ಗಾಳಿ ಮಷಿನ್ ತರಿಸಿದರು.

ಈ ಪರೀಕ್ಷೆಯನ್ನು ಎಲ್ಲರೂ ಕಲಿಯಬೇಕು. ಹಾಳಾದ ಹಳೇ ಇಂಜೆಕ್ಟರ್‌ನ ಒಳಭಾಗ ತೆಗೆದು, ಲೇಥ್‌ನಲ್ಲಿ ಅದಕ್ಕೆ ಗಾಳಿ ಪೈಪ್ ಕೂರುವ ತುದಿ ಮಾಡಿಸಿ. ಆ ಸಿಲಿಂಡರ್‌ನ ಪಿಸ್ಟನ್ ಪೂರ್ತಿ ಮೇಲಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ವಾಲ್ವ್ ಒತ್ತುವ ರಾಕರ್‌ಗಳ ಮುಚ್ಚಳ ತೆಗೆದರೆ ಗೊತ್ತಾಗುತ್ತದೆ, ಆ ಸಿಲಿಂಡರ್‌ನ ಎರಡೂ ರಾಕರ್ ಸಡಿಲವಾಗಿ ಅಲುಗುತ್ತವೆ. ಗಾಳಿ ಒತ್ತಡಕ್ಕೆ ಎಂಜಿನ್ ತಿರುಗದಂತೆ ಟಾಪ್ ಗೇರ್ ಹಾಕಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಫ್ಯಾನ್ ಹತ್ತಿರ ಕೈ ಬೇಡ. ಈಗ ಗಾಳಿ ಬಿಟ್ಟು ಕಿವಿಗೊಡಿ.

ಸೈಲೆನ್ಸರ್‌ನಲ್ಲಿ ಸುಸ್ಸೆಂದರೆ ಎಕ್ಸಾಸ್ಟ್ ವಾಲ್ವ್. ಏರ್ ಕ್ಲೀನರ್ ಪೈಪಿನಲ್ಲಿ ಕೇಳಿಸಿದರೆ ಇನ್ಲೆಟ್ ವಾಲ್ವ್. ಎಣ್ಣೆ ಮುಚ್ಚಳದಲ್ಲಿ ಜೋರಾಗಿ ಬಂದರೆ ರಿಂಗ್, ಇಲ್ಲವೇ ಸ್ಲೀವ್ (ಪಿಸ್ಟನ್ ಓಡುವ ಕೊಳವೆ). ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಸೀಳಿದ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಭಾಗ). ಎಣ್ಣೆ ಮುಚ್ಚಳದಲ್ಲಿ ಸ್ವಲ್ಪ ಸದ್ದು ಎಲ್ಲ ಎಂಜಿನ್‌ನಲ್ಲೂ ಇರುತ್ತದೆ, ಅದಕ್ಕೆ ಗಾಬರಿ ಬೇಡ. ಮೂರೂ ಸಿಲಿಂಡರ್‌ಗೆ ಮಾಡಿ ಹೋಲಿಸಿ.

ನಮ್ಮ ಮೂರನೇ ಸಿಲಿಂಡರ್ ಸೈಲೆನ್ಸರ್‌ನಲ್ಲಿ ಕೂಗಿತು. ಎಣ್ಣೆ ಮುಚ್ಚಳ ಮೂರಕ್ಕೂ ಒಂದೇ ಥರ ಸುಮ್ಮನಿತ್ತು. ಅಂದರೆ ರಿಂಗ್ ಚೆನ್ನಾಗಿವೆ, ಒಂದು ವಾಲ್ವ್ ಕೂರುತ್ತಿಲ್ಲ. ಹೆಡ್ ಮಾತ್ರ ಇಳಿಸಿದೆವು. ಕಾಕಾನ ಎಂಜಿನ್‌ನ ಕೆಳಭಾಗ ಇಂದಿಗೂ ಬಿಚ್ಚಿಲ್ಲ.

ಹೆಡ್ ಕೆಲಸ

ಹೆಡ್ ಬೋಲ್ಟುಗಳನ್ನು ಒಂದೇ ಸಲ ತೆಗೆಯಬೇಡಿ. ಹೊರಗಿನಿಂದ ಒಳಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಪುಷ್ ರಾಡ್‌ಗಳನ್ನು ರಟ್ಟಿನ ತೂತುಗಳಿಗೆ ಚುಚ್ಚಿ ನಂಬರ್ ಬರೆದಿಡಿ, ಅವು ಬಂದ ಜಾಗಕ್ಕೇ ಹೋಗಬೇಕು. ಹೆಡ್ಡನ್ನು ಎಂಜಿನ್ ಕೆಲಸ ಮಾಡುವ ಲೇಥ್ ಅಂಗಡಿಗೆ ಕೊಟ್ಟು ಸಮ ಇದೆಯೇ, ಸೀಳಿದೆಯೇ ನೋಡಿಸಿ. ವಾಲ್ವ್ ಗೈಡ್ ಸವೆದಿದ್ದರೆ ಬರೀ ವಾಲ್ವ್ ಉಜ್ಜಿ ಪ್ರಯೋಜನವಿಲ್ಲ, ಗೈಡೂ ಬದಲಿಸಬೇಕು.

ವಾಲ್ವ್ ಉಜ್ಜುವ ಕೆಲಸ ಮನೆಯಲ್ಲೇ ಆಗುತ್ತದೆ. ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ಅಂಗೈ ನಡುವೆ ಕಡ್ಡಿ ತಿರುಗಿಸಿದ ಹಾಗೆ ತಿರುಗಿಸಿ, ನಡುನಡುವೆ ಎತ್ತಿ ಜಾಗ ಬದಲಿಸಿ. ಸೀಟಿನ ಸುತ್ತ ಒಂದೇ ಸಮನೆ ಬೂದು ಬಣ್ಣದ ಉಂಗುರ ಬರಬೇಕು. ಪೇಸ್ಟನ್ನೆಲ್ಲ ತೊಳೆದು, ವಾಲ್ವ್ ಕೂರಿಸಿ, ಗಾಳಿ ದಾರಿಗೆ ಡೀಸೆಲ್ ಸುರಿಯಿರಿ. ಹತ್ತು ನಿಮಿಷ ಕಳೆದರೂ ಒಂದು ಹನಿ ಕೆಳಗೆ ಇಳಿಯದಿದ್ದರೆ ಕೆಲಸ ಆಯಿತು. ನನ್ನ ಎರಡನೇ ವಾಲ್ವ್ ಮೂರು ಸಲ ಉಜ್ಜಿದ ಮೇಲೆ ನಿಂತಿತು.

ಗ್ಯಾಸ್ಕೆಟ್ ಹೊಸದೇ ಹಾಕಿ. ಬೋಲ್ಟ್ ಬಿಗಿ ಮಾಡುವಾಗ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ. ಎಷ್ಟು ಬಿಗಿ ಅನ್ನುವುದನ್ನು ಆ ಎಂಜಿನ್ನಿನ ಪುಸ್ತಕ ನೋಡಿಯೇ ಮಾಡಿ. ಟಾರ್ಕ್ ಪಾನಾ ಕೊಳ್ಳಬೇಕಿಲ್ಲ, ಒಂದು ದಿನಕ್ಕೆ ಕೇಳಿ ತನ್ನಿ. ವಾಲ್ವ್ ಸಂದು (ವಾಲ್ವ್ ಮತ್ತು ರಾಕರ್ ನಡುವಿನ ತೆರವು) ಕೂಡ ಪುಸ್ತಕದ ಪ್ರಕಾರವೇ ಇಡಿ. ಪರ್ಕಿನ್ಸ್ ಕಂಪನಿ ಮೂಲದ ಹಳೇ ಮೂರು ಸಿಲಿಂಡರ್ ಎಂಜಿನ್‌ಗೆ ತಣ್ಣಗಿದ್ದಾಗ 0.30 ಮಿ.ಮೀ.

ಪರೀಕ್ಷೆಯಲ್ಲಿ ರಿಂಗ್‌ದೇ ತಪ್ಪು ಅಂತ ಬಂದರೆ ಖರ್ಚು ಬೇರೆ ಮಟ್ಟದ್ದು. ಆಗಲೂ ಅಳೆಯದೆ ಸೆಟ್ ತರಬೇಡಿ. ಕ್ರ್ಯಾಂಕ್ ಅಳೆಸಿ. ಗೆರೆ ಬಿದ್ದಿದ್ದರೆ 0.25 ಅಥವಾ 0.50 ಮಿ.ಮೀ. ಕಡಿಮೆಗೆ ಗ್ರೈಂಡ್ ಮಾಡಿಸಿ, ಬೇರಿಂಗ್ ಅದೇ ಅಳತೆಯದು ಹಾಕಬೇಕು. ಸುಮ್ನೆ ಹೊಸ ಸ್ಟ್ಯಾಂಡರ್ಡ್ ಬೇರಿಂಗ್ ತಂದು ಸವೆದ ಕ್ರ್ಯಾಂಕ್‌ಗೆ ಹಾಕಿದರೆ ಎಣ್ಣೆ ಒತ್ತಡ ನಿಲ್ಲುವುದಿಲ್ಲ.

ಧೂಳು ಮತ್ತು ನೀರು

ನಮ್ಮ ಸೀಮೆಯ ಟ್ರ್ಯಾಕ್ಟರ್‌ಗಳನ್ನು ಕೊಲ್ಲುವುದು ಧೂಳು. ಮಳೆ ಕಡಿಮೆ, ಒಣ ಹೊಲದಲ್ಲಿ ಕುಂಟೆ ಹೊಡೆಯುವಾಗ ಹಿಂದೆ ಬರುವವರು ಕಾಣದಷ್ಟು ಧೂಳು ಏಳುತ್ತದೆ. ಹಳೇ ಗಾಡಿಗಳಲ್ಲಿ ಎಣ್ಣೆ ಬಟ್ಟಲಿನ ಏರ್ ಕ್ಲೀನರ್ ಇರುತ್ತದೆ. ಬಟ್ಟಲು ತೆಗೆದು ಕೆಸರು ಕೆರೆದು, ಮೇಲಿನ ತಂತಿ ಜಾಲಿಯನ್ನು ಡೀಸೆಲ್‌ನಲ್ಲಿ ತೊಳೆದು, ಗುರುತಿನ ತನಕ ಹೊಸ ಎಣ್ಣೆ ಹಾಕಿ. ಧೂಳಿನ ಕೆಲಸದಲ್ಲಿ ಬಟ್ಟಲನ್ನು ದಿನಾ ನೋಡಿ. ಅದಕ್ಕಿಂತ ಮುಖ್ಯ, ಕ್ಲೀನರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪ್. ಅದರಲ್ಲಿ ಒಂದು ಬಿರುಕಿದ್ದರೆ ಧೂಳು ಶೋಧನೆ ಇಲ್ಲದೆ ನೇರವಾಗಿ ಒಳಗೆ ಹೋಗಿ ರಿಂಗ್ ಉಜ್ಜಿಹಾಕುತ್ತದೆ. ಎಂಜಿನ್ ನಿಧಾನ ಓಡುವಾಗ ಗಾಳಿ ಎಳೆಯುವ ಬಾಯಿಯನ್ನು ಒಂದು ಹಲಗೆಯಿಂದ ಪೂರ್ತಿ ಮುಚ್ಚಿ. ಎಂಜಿನ್ ಉಸಿರುಕಟ್ಟಿ ನಿಲ್ಲಬೇಕು. ನಿಲ್ಲದಿದ್ದರೆ ಬೇರೆ ಎಲ್ಲಿಂದಲೋ ಗಾಳಿ ಹೋಗುತ್ತಿದೆ.

ಬೋರ್‌ವೆಲ್ ಗಡಸು ನೀರು ರೇಡಿಯೇಟರ್‌ನಲ್ಲಿ ಸುಣ್ಣ ಕಟ್ಟುತ್ತದೆ. ಹಿಮ್ಮುಖವಾಗಿ ನೀರು ಬಿಟ್ಟು ತೊಳೆಯಿರಿ, ಕಟ್ಟಿದ್ದರೆ ರೇಡಿಯೇಟರ್ ಅಂಗಡಿಗೆ ಕೊಟ್ಟು ಬಿಚ್ಚಿ ಚುಚ್ಚಿಸಿ. ಆಮೇಲೆ ಕೂಲಂಟ್ ಹಾಕಿ. ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟ್ ಕಿತ್ತು ಎಸೆಯುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ.

ಬ್ರೇಕ್, ಸ್ಟೇರಿಂಗ್, ಕ್ಲಚ್

ಇಲ್ಲಿ ಉಳಿತಾಯದ ಮಾತೇ ಬೇಡ. ಕಾರ್ಖಾನೆಗೆ ಕಬ್ಬು ತುಂಬಿದ ಟ್ರಾಲಿ ಎಳೆಯುವ ಗಾಡಿಯ ಬ್ರೇಕ್ ಅಂದರೆ ರಸ್ತೆಯಲ್ಲಿ ಎದುರು ಬರುವವರ ಜೀವವೂ ಹೌದು. ಡ್ರಮ್ ತೆಗೆದಾಗ ಲೈನರ್ ಎಣ್ಣೆಯಲ್ಲಿ ತೊಯ್ದಿದ್ದರೆ ಹಿಂದಿನ ಆಕ್ಸಲ್ ಸೀಲ್ ಹೋಗಿದೆ. ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲೂ ಲೈನರೂ ಎರಡೂ ಹೊಸದಾಗಬೇಕು. ಎಡ ಬಲ ಪೆಡಲ್ ಸಮ ಹಿಡಿಯುವಂತೆ ಹೊಂದಿಸಿ. ರಸ್ತೆಗೆ ಬಂದಾಗ ಎರಡು ಪೆಡಲನ್ನೂ ಕೊಂಡಿ ಹಾಕಿ ಜೋಡಿಸಿಯೇ ಓಡಿಸಿ.

ಮುಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಎಲ್ಲಿದೆ ಅಂತ ಇನ್ನೊಬ್ಬರು ಬಗ್ಗಿ ನೋಡಲಿ: ಬೇರಿಂಗೋ, ಕಿಂಗ್ ಪಿನ್ ಬುಷೋ, ಬಾಲ್ ಜಾಯಿಂಟೋ, ನಡುವಿನ ಆಕ್ಸಲ್ ಪಿನ್ನೋ. ಬುಷ್‌ಗಳನ್ನು ಲೇಥ್‌ನಲ್ಲಿ ಮಾಡಿಸಬಹುದು, ಅಗ್ಗವೂ ಆಗುತ್ತದೆ. ಬಾಲ್ ಜಾಯಿಂಟ್ ಮಾತ್ರ ವೆಲ್ಡ್ ಮಾಡಿಸಬೇಡಿ.

ಕ್ಲಚ್‌ಗೆ ಟ್ರ್ಯಾಕ್ಟರನ್ನು ನಡುವೆ ಎರಡಾಗಿ ಬಿಡಿಸಬೇಕು. ಇದು ಈ ಇಡೀ ಕೆಲಸದಲ್ಲಿ ಹೆಚ್ಚು ಅಪಾಯದ ಗಳಿಗೆ. ಮುಂದಿನ ಆಕ್ಸಲ್ ತೊಟ್ಟಿಲಿನ ಹಾಗೆ ತೂಗುತ್ತದಲ್ವಾ, ಗಾಡಿ ಬೇರೆಯಾದ ಕೂಡಲೇ ಎಂಜಿನ್ ಭಾಗ ಒಂದು ಕಡೆ ಉರುಳುತ್ತದೆ. ಮೊದಲೇ ಆಕ್ಸಲ್ ಮತ್ತು ಮುಂದಿನ ಚೌಕಟ್ಟಿನ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಬಡಿಯಿರಿ. ಹಿಂದಿನ ಭಾಗದ ಕೆಳಗೆ ದಪ್ಪ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಒಮ್ಮೆ ಬಿಡಿಸಿದ ಮೇಲೆ ಪ್ಲೇಟ್ ಜೊತೆಗೆ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್ ಎಲ್ಲವನ್ನೂ ಬದಲಿಸಿ. ಇವುಗಳಲ್ಲಿ ಒಂದನ್ನು ಉಳಿಸಿದರೆ ಅದಕ್ಕಾಗಿಯೇ ಮತ್ತೆ ಎರಡಾಗಿ ಬಿಡಿಸಬೇಕಾಗುತ್ತದೆ.

ಹೈಡ್ರಾಲಿಕ್ ಮತ್ತು ವೈರಿಂಗ್

ಮ್ಯಾಸಿಯ ಈ ಹಳೇ ಮಾದರಿಯಲ್ಲಿ ಹೈಡ್ರಾಲಿಕ್ ಪಂಪ್ ಹಿಂದಿನ ಹೌಸಿಂಗ್ ಒಳಗೆ ಎಣ್ಣೆಯಲ್ಲೇ ಮುಳುಗಿರುತ್ತದೆ. ಪಿಟಿಒ (ಹಿಂದೆ ಕಟ್ಟಿದ ಯಂತ್ರಕ್ಕೆ ಎಂಜಿನ್ ಬಲ ಕೊಡುವ ದಂಡ) ಲಿವರ್ ಹಾಕದಿದ್ದರೆ ಪಂಪ್ ತಿರುಗುವುದೇ ಇಲ್ಲ. "ಲಿಫ್ಟ್ ಏಳುತ್ತಿಲ್ಲ" ಅಂತ ಪಂಪ್ ಬಿಚ್ಚಿಸಿದವರನ್ನು ನೋಡಿದ್ದೇನೆ. ಮೊದಲು ಆ ಲಿವರ್, ಆಮೇಲೆ ಎಣ್ಣೆಯ ಮಟ್ಟ, ಆಮೇಲೆ ಜಾಲಿ ಫಿಲ್ಟರ್ ನೋಡಿ. ನೇಗಿಲು ಎತ್ತಿ ಎಂಜಿನ್ ನಿಲ್ಲಿಸಿದಾಗ ಅದು ಬೇಗ ಇಳಿದುಹೋದರೆ ಹೆಚ್ಚಾಗಿ ಲಿಫ್ಟ್ ಪಿಸ್ಟನ್‌ನ ರಿಂಗು ಅಥವಾ ಸೀಲು.

ವೈರಿಂಗ್ ಹಳೆಯದಕ್ಕೆ ತೇಪೆ ಹಾಕುವುದಕ್ಕಿಂತ ಹೊಸದಾಗಿ ಎಳೆಯುವುದೇ ಅಗ್ಗ. ಪ್ರತಿ ದಾರಿಗೂ ಫ್ಯೂಸ್ ಇರಲಿ. ಸ್ಟಾರ್ಟರ್ ಎಳೆಯದಿದ್ದರೆ ಬ್ಯಾಟರಿ ಬೈಯುವ ಮೊದಲು ಅರ್ಥ್ ಪಟ್ಟಿಯ ಎರಡೂ ತುದಿ ಕೆರೆದು ಹಾಕಿ. ಆಲ್ಟರ್ನೇಟರ್ ಇರುವ ಗಾಡಿ ಓಡುವಾಗ ಬ್ಯಾಟರಿ ಮೇಲೆ ಸುಮಾರು 13.8ರಿಂದ 14.4 ವೋಲ್ಟ್ ಬರಬೇಕು. ಟ್ರಾಲಿಯ ಹಿಂದಿನ ದೀಪ, ಕೆಂಪು ಪಟ್ಟಿ ಮರೆಯಬೇಡಿ.

ಸಾಮಾನು ತರುವಾಗ

ಬೇರಿಂಗ್ ಮೇಲೆ ನಂಬರ್ ಕೊರೆದಿರುತ್ತದೆ. ಸೀಲ್ ಮೇಲೆ ಒಳ ಅಳತೆ, ಹೊರ ಅಳತೆ, ದಪ್ಪ ಮೂರೂ ಇರುತ್ತವೆ. ಬೆಲ್ಟ್ ಮೇಲೂ ನಂಬರ್ ಇದೆ. ಆ ನಂಬರ್ ಬರೆದುಕೊಂಡು ಟ್ರ್ಯಾಕ್ಟರ್ ಶೋರೂಮಿನ ಬದಲು ಬೇರಿಂಗ್ ಅಂಗಡಿಗೆ ಹೋಗಿ, ಒಳ್ಳೆ ಕಂಪನಿಯದೇ ಕೇಳಿ. ಅದೇ ಮಾಲು ಕಡಿಮೆಗೆ ಸಿಗುತ್ತದೆ. ಬಾನೆಟ್, ಮಡ್‌ಗಾರ್ಡ್, ರಿಮ್ಮು, ಲಿಂಕ್ ತೋಳುಗಳನ್ನು ಗುಜರಿಯಲ್ಲಿ ಹುಡುಕಿ. ಗ್ಯಾಸ್ಕೆಟ್, ಸೀಲು, ಬ್ರೇಕ್ ಲೈನರ್, ಎಂಜಿನ್ ಬೇರಿಂಗ್ ಮಾತ್ರ ಹೊಸದು, ಅಸಲಿಯದೇ ಆಗಬೇಕು. ಒಮ್ಮೆ ಒಂದು ಅಂಗಡಿಯಲ್ಲಿ ನನಗೆ ಅಸಲಿ ಡಬ್ಬಿಯಲ್ಲಿ ನಕಲಿ ಫಿಲ್ಟರ್ ಕೊಟ್ಟರು. ಹಳೆಯದನ್ನು ಜೊತೆಗೆ ಒಯ್ದಿದ್ದರಿಂದ ತೂಕದಲ್ಲೇ ಗೊತ್ತಾಯಿತು. ಹಳೇ ಸಾಮಾನನ್ನು ಯಾವಾಗಲೂ ಕೈಯಲ್ಲಿ ಹಿಡಿದೇ ಹೋಗಿ.

ಟಯರ್ ದೊಡ್ಡ ಖರ್ಚು. ಈ ಗಾಡಿಗೆ ಮುಂದೆ 6.00-16, ಹಿಂದೆ 12.4-28. ಮುಂದಿನವನ್ನು ಹೊಸದಾಗಿ ಹಾಕಿ, ಸ್ಟೇರಿಂಗ್ ಅದರ ಮೇಲೆ ನಿಂತಿದೆ. ಹಿಂದಿನವು ಸೀಳದೆ ಬರೀ ಹಲ್ಲು ಸವೆದಿದ್ದರೆ ಒಂದು ಹಂಗಾಮು ತಳ್ಳಬಹುದು. ಬಣ್ಣಕ್ಕೆ ದುಡ್ಡು ಉಳಿದರೆ ತುಕ್ಕು ಕೆರೆದು ರೆಡ್ ಆಕ್ಸೈಡ್ ಹೊಡೆದು ಮೇಲೆ ಬಣ್ಣ ಕೊಡಿ. ನಂಬರ್ ಕೊರೆದ ಜಾಗಕ್ಕೆ ಮಾತ್ರ ದಪ್ಪಗೆ ಬಳಿಯಬೇಡಿ, ಆರ್‌ಟಿಒದಲ್ಲಿ ಅದನ್ನೇ ನೋಡುತ್ತಾರೆ.

ಮೊದಲ 50 ಗಂಟೆ

ಹಿಂಗಾರಿ ಜೋಳದ ಬಿತ್ತನೆಗೆ ಸರಿಯಾಗಿ ನಮ್ಮದು ಹೊಲಕ್ಕಿಳಿಯಿತು. ಕಾಕಿ ಬಂದು ಬಾನೆಟ್‌ಗೆ ಕುಂಕುಮ ಹಚ್ಚಿ, ಸ್ಟೇರಿಂಗ್ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ನಿಂತಿದ್ದರು. ಮೊದಲ ದಿನ ಪಲ್ಟಿ ನೇಗಿಲು (ನಮ್ಮ ಕಡೆ ರಂಟಿ) ಕಟ್ಟಲಿಲ್ಲ, ಬರೀ ಕೂರಿಗೆ. ರಿಂಗ್ ಬದಲಿಸಿದ ಎಂಜಿನ್ ಆದರೆ ಗಂಟೆಗಟ್ಟಲೆ ನಿಂತಲ್ಲೇ ಓಡಿಸುವುದೂ ತಪ್ಪು, ಮೊದಲ ದಿನವೇ ಭಾರ ಎಳೆಸುವುದೂ ತಪ್ಪು. ಮಧ್ಯಮ ವೇಗ, ಮಧ್ಯಮ ಭಾರ ಇರಲಿ. ಎಣ್ಣೆ ಒತ್ತಡ, ಬಿಸಿಯ ಮುಳ್ಳು ಎರಡರ ಮೇಲೂ ಕಣ್ಣಿರಲಿ. ಹತ್ತು ಗಂಟೆ ಆದಮೇಲೆ ಎಲ್ಲ ಚಕ್ರದ ನಟ್ಟುಗಳನ್ನು, ಗಾಡಿ ಬಿಡಿಸಿ ಜೋಡಿಸಿದ ಜಾಗದ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ. ವಾಲ್ವ್ ಸಂದನ್ನೂ ಇನ್ನೊಮ್ಮೆ ಅಳೆಯಿರಿ.

50 ಗಂಟೆಗೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ತೆಗೆದ ಫಿಲ್ಟರನ್ನು ಎಸೆಯಬೇಡಿ. ಕತ್ತರಿಸಿ, ಒಳಗಿನ ಕಾಗದವನ್ನು ಬಿಳಿ ಬಟ್ಟೆ ಮೇಲೆ ಬಿಡಿಸಿ, ಬಿಸಿಲಿನಲ್ಲಿ ನೋಡಿ. ಕರಿ ಮಸಿ ಇದ್ದರೆ ಚಿಂತೆ ಇಲ್ಲ. ಬೆಳ್ಳಿ ಅಥವಾ ತಾಮ್ರದ ಬಣ್ಣದ ಚೂರು ಮಿನುಗಿದರೆ ಒಳಗೆ ಬೇರಿಂಗ್ ಸವೆಯುತ್ತಿದೆ, ಅಂದೇ ಗಾಡಿ ನಿಲ್ಲಿಸಿ. ಚೂರು ಆಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ: ರಿಂಗ್, ಸ್ಲೀವ್ ಅಥವಾ ಕ್ಯಾಮ್. ನಮ್ಮದರಲ್ಲಿ ಬರೀ ಮಸಿ ಇತ್ತು. ಮಿಸ್ತ್ರಿ ಕಾಕಾ ಆ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿ, "ನಾಳಿಂದ ರಂಟಿ ಕಟ್ಟು" ಅಂದರು.